ಕತ್ಬರ್ಟನ ಗೊಬ್ಬರದ ಗುಟ್ಟು

ಲೀಕ್ ಗಿಡಕ್ಕೆ ಏನು ಗೊಬ್ಬರ ಹಾಕುತ್ತೇನೆಂದು ಕತ್ಬರ್ಟ್ ನಲವತ್ತು ವರ್ಷದಿಂದ, ಕಟ್ಟಿಕೊಂಡ ಹೆಂಡತಿಗೂ ಹೇಳಿದವನಲ್ಲ. ಈರುಳ್ಳಿಯ ಜಾತಿಯ ಆ ಗಿಡ ಅವನ ಪಾತಿಯಲ್ಲಿ ತೋಳುಗಾತ್ರ ಬೆಳೆಯುತ್ತಿತ್ತು. ಊರಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ದಪ್ಪ ಲೀಕಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ದಾರಿ ಕೇಳದೆ ಅವನ ಮನೆಗೇ ಬರುತ್ತಿತ್ತು. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಆ ಊರಿನ ಗಂಡಸರಿಗೆ ಉಳಿದ ಮಾನವೆಂದರೆ ಆ ಸ್ಪರ್ಧೆಯೊಂದೇ. ಕತ್ಬರ್ಟನ ಪಾತಿಗೂ ಬೀಗ, ಗೊಬ್ಬರದ ಪೀಪಾಯಿಗೂ ಬೀಗ. ಬಾಯಿಯ ವಿಷಯವಂತೂ ಕೇಳಲೇಬೇಡಿ.

ಅಂಥ ಮನುಷ್ಯ ಫೆಬ್ರವರಿಯ ಒಂದು ಶನಿವಾರ ಕ್ಲಬ್ಬಿನಲ್ಲಿ ಬಿಯರ್ ಗ್ಲಾಸು ಕೆಳಗಿಟ್ಟು, ಲೀಕ್ ಬೇಯಿಸಿದ ನೀರನ್ನು ಬೆಳಿಗ್ಗೆ ಒಂದು ಲೋಟ ಕುಡಿದರೆ ಬಿಪಿ ಮಾತ್ರೆಯೇ ಬೇಡ, ತಾನು ಮೂರು ವಾರದಿಂದ ಮಾತ್ರೆ ಮುಟ್ಟಿಲ್ಲ ಎಂದುಬಿಟ್ಟ. ಮೊಬೈಲಿಗೆ ಯಾರೋ ಕಳಿಸಿದ್ದ ವಿಡಿಯೋದ ಮಹಿಮೆ. ಬೇರೆಯವರು ಹೇಳಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಜನ್ಮದಲ್ಲಿ ಒಂದು ಗುಟ್ಟು ಬಿಡದವನು ಪುಕ್ಕಟೆ ಬಿಟ್ಟುಕೊಟ್ಟಿದ್ದಾನೆ ಎಂದಮೇಲೆ ಅದು ನಿಜವೇ ಇರಬೇಕಲ್ಲ! ತಿಂಗಳೊಳಗೆ ಅರ್ಧ ಊರು ಮಾತ್ರೆ ಬಿಟ್ಟು ಲೀಕ್ ನೀರು ಹಿಡಿಯಿತು. ಅವನ ಮೂವತ್ತು ವರ್ಷದ ಎದುರಾಳಿ ನಾರ್ಮನ್ ಅಂತೂ ದಿನಕ್ಕೆ ಎರಡು ಲೋಟ ಇಳಿಸತೊಡಗಿದ.

ಇದರಿಂದ ನೆಮ್ಮದಿ ಕಳಕೊಂಡವಳು ಮಾವಿಸ್, ಕತ್ಬರ್ಟನ ಅಕ್ಕ. ಹೃದಯದ ಕಾಯಿಲೆಯವರಿಗಾಗಿ ಇರುವ ಸೇವಾಸಂಸ್ಥೆಯೊಂದಕ್ಕೆ ಆ ಊರಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದವಳು. ಅವಳ ಗಂಡ ಮಾತ್ರೆ ಮರೆತು ಮರೆತೇ ಒಂದು ದಿನ ಅಡುಗೆಮನೆಯಲ್ಲಿ ಕುಸಿದು ತೀರಿಕೊಂಡಿದ್ದ. ತಮ್ಮನೂ ಹಾಗೇ ಹೋಗಿಬಿಟ್ಟರೆ ಎಂಬ ಭಯ ಅವಳಿಗೆ.

ಸಂಸ್ಥೆಯ ಕಚೇರಿಗೆ ಫೋನು ಮಾಡಿದಳು. ಮಾತ್ರೆ ಬಿಡಬೇಡಿ ಎಂದು ಹೇಳುವ ಬಣ್ಣದ ಕರಪತ್ರ ಐನೂರು ಬಂದವು. ಜನ ಅವುಗಳಲ್ಲಿ ಲೀಕ್ ಸಸಿ ಸುತ್ತಿಕೊಂಡು ಹೋದರು. ಅವರದೂ ತಪ್ಪಲ್ಲ ಬಿಡಿ. ಹೋದ ವರ್ಷ ಇದೇ ಸಂಸ್ಥೆ ತಪಾಸಣೆಯ ತಾರೀಖು ತಪ್ಪಾಗಿ ಅಚ್ಚು ಹಾಕಿಸಿದ್ದರಿಂದ ಅರವತ್ತು ಮುದುಕರು ಆಲಿಕಲ್ಲು ಮಳೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ತಪ್ಪಾಯಿತು ಎನ್ನಲು ಒಬ್ಬರೂ ಬರಲಿಲ್ಲ. ಮಾವಿಸ್ ಕೂಡ ಹೋಗಲಿಲ್ಲ.

ಮುಂದಿನ ಶನಿವಾರ ಅವಳು ಬಿಪಿ ನೋಡುವ ಯಂತ್ರ ಹಿಡಿದು ಕ್ಲಬ್ಬಿಗೆ ಹೋದಳು.

"ಹೋದ್ ವರ್ಷ ನಿಮ್ಮನ್ನ ಮಳೇಲಿ ನಿಲ್ಸಿದ್ದು ನಾವೇ," ಎಂದಳು. "ತಪ್ಪು ನಮ್ದು. ನಾನು ಅವತ್ತೇ ಬಂದು ಹೇಳ್ಬೇಕಿತ್ತು. ನಾಚ್ಕೆಯಾಗಿ ಮನೇಲಿ ಕೂತ್ಬಿಟ್ಟೆ."

ಎಲ್ಲರೂ ಅವಳತ್ತ ತಿರುಗಿದರು.

"ಲೀಕ್ ನೀರಿನ ಬಗ್ಗೆ ನಾನು ವಾದ ಮಾಡಲ್ಲ. ಗಿಡ ಎಷ್ಟು ದಪ್ಪ ಅಂತ ಬಾಯ್ಮಾತಲ್ಲಿ ಹೇಳಿದ್ರೆ ನಂಬ್ತೀರಾ? ಪಕ್ಕದೂರಿಂದ ತೀರ್ಪುಗಾರ ಬಂದು ಅಳೀಬೇಕು. ನಾನೂ ಪಕ್ಕದೂರಿನ ನರ್ಸನ್ನೇ ಕರ್ಕೊಂಡ್ ಬಂದಿದೀನಿ. ಕೈ ಕೊಡೋ ಕತ್ಬರ್ಟ್."

ಅಳತೆಗೆ ಹಿಂಜರಿದವನನ್ನು ಆ ಊರು ಗಂಡಸೆನ್ನುವುದಿಲ್ಲ. ಕತ್ಬರ್ಟ್ ತೋಳು ಮಡಚಿದ. ನರ್ಸ್ ಮೂರು ಸಲ ನೋಡಿದಳು. ಮೂರು ಸಲವೂ ಇನ್ನೂರರ ಮೇಲೆ.

"ಈ ಅಂಕಿ ಲೀಕ್ ಗಿಡದ್ದಾಗಿದ್ರೆ ಬಹುಮಾನದ ಕಪ್ ನಿಂದೇ ಕಣೋ," ಎಂದ ನಾರ್ಮನ್. ನರ್ಸ್ ಅಲ್ಲಿಂದಲೇ ಕತ್ಬರ್ಟನನ್ನು ಆಸ್ಪತ್ರೆಗೆ ಕರೆದೊಯ್ದಳು.

ನಾಲ್ಕು ದಿನದ ಮೇಲೆ ಆಸ್ಪತ್ರೆಯಿಂದ ಮಾತ್ರೆ ಹಿಡಿದು ಬಂದವನು ಕ್ಲಬ್ಬಿನಲ್ಲಿ, ಲೀಕ್ ನೀರು ಬಿಟ್ಟುಬಿಡಿ, ನನ್ನದು ಬರೀ ಬೊಗಳೆ ಎಂದ. ಅವನ ಅಂಕಿ ಕಣ್ಣಾರೆ ಕಂಡಿದ್ದರೂ ಜನ ಒಳಗೊಳಗೇ ನಕ್ಕರು. ಕೈಜಾರಿ ಕೊಟ್ಟ ಗುಟ್ಟನ್ನು ವಾಪಸ್ ಕಿತ್ತುಕೊಳ್ಳಲು ನೋಡುತ್ತಿದ್ದಾನೆ, ಕಳ್ಳ ಎಂದುಕೊಂಡರು. ನಾರ್ಮನ್ ಮೂರನೇ ಲೋಟಕ್ಕೆ ಏರಿಸಿದ.

ಮಾವಿಸ್ ಒಂದು ದಿನ ಯೋಚಿಸಿ ತಮ್ಮನ ಪಾತಿಗೆ ಹೋದಳು. ಸುಳ್ಳು ಗುಟ್ಟು ಕೊಟ್ಟು ಹಾಳು ಮಾಡಿದವನು ನಿಜವಾದದ್ದು ಕೊಟ್ಟೇ ಸರಿಮಾಡಬೇಕು ಎಂದಳು. ಕತ್ಬರ್ಟನ ಮುಖ ಸಪ್ಪಗಾಯಿತು.

"ಅದನ್ನೂ ಕೊಟ್ರೆ ನಂಗೇನು ಉಳಿಯತ್ತೆ ಅಕ್ಕಾ?"

"ನಿನ್ ಮಾತು ಕೇಳಿ ಮಾತ್ರೆ ಬಿಟ್ಟೋರು ಉಳೀತಾರೆ."

ಅವನು ಪೀಪಾಯಿಯ ಬೀಗ ತೆಗೆದು ಹೂಂ ಎಂದ.

ಏಪ್ರಿಲಿನಿಂದ ಹೊಸ ಕಟ್ಟಳೆ. ಶನಿವಾರ ನರ್ಸಿನ ಮುಂದೆ ತೋಳು ಚಾಚಿ, ಅವಳ ಮಾತು ಕೇಳಿಸಿಕೊಂಡವರಿಗೆ ಕತ್ಬರ್ಟ್ ಕಿವಿಯಲ್ಲಿ ಗೊಬ್ಬರದ ಒಂದು ಸಾಮಾನು ಹೇಳುತ್ತಿದ್ದ. ಮೊದಲ ವಾರ ಚಿಮಣಿಯ ಮಸಿ. ಎರಡನೇ ವಾರ ಹಳಸಿದ ಬಿಯರು. ಮೂರನೇ ವಾರಕ್ಕೆ ಸಾಲು ರಸ್ತೆಗೆ ಬಂದಿತ್ತು. ಗೊಬ್ಬರಕ್ಕೆಂದು ಬಂದವರೇ ತಮ್ಮ ಅಂಕಿ ಕಂಡು ಬೆಚ್ಚಿ ಮಾತ್ರೆಗೆ ಮರಳಿದರು. ನಾರ್ಮನ್‌ನ ಅಂಕಿ ಇನ್ನೂರ ಹತ್ತು. ಅವತ್ತೇ ಅವನನ್ನೂ ಆಸ್ಪತ್ರೆಗೆ ಸಾಗಿಸಬೇಕಾಯಿತು. ಹೋಗುವಾಗಲೂ ಕತ್ಬರ್ಟನ ತೋಳು ಹಿಡಿದು ಆ ವಾರದ ಸಾಮಾನು ಕೇಳಿಕೊಂಡೇ ಹೋದ.

ಸೆಪ್ಟೆಂಬರ್ ಬಂತು. ಪಕ್ಕದೂರಿನ ತೀರ್ಪುಗಾರ ಅಳೆದ. ನಾರ್ಮನ್ ಮೊದಲು. ಕತ್ಬರ್ಟ್, ನಲವತ್ತು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ, ಮೂರನೆಯವನು.

ಅವನ ಮುಖ ಕೆಂಪೇರಿದ್ದು ಮಾವಿಸ್ ಕಣ್ಣಿಗೆ ಬಿತ್ತು. ಓಡಿಹೋಗಿ ಯಂತ್ರ ತಂದಳು.

"ನನ್ ಗೊಬ್ಬರ ಹಾಕಿ ನನ್ನನ್ನೇ ಸೋಲ್ಸಿದಾನಲ್ಲ ಅಕ್ಕಾ, ಬಡ್ಡೀಮಗ," ಎಂದ ಕತ್ಬರ್ಟ್. ಅತ್ತ ನಾರ್ಮನ್ ಬಹುಮಾನದ ಕಪ್ ಅನ್ನು ಮಗುವಿನಂತೆ ತಬ್ಬಿಕೊಂಡು ಬಾಯ್ತುಂಬ ನಗುತ್ತಿದ್ದ.

"ಹೋಗ್ಲಿ, ಬದುಕಿದಾನಲ್ಲ. ಮುಂದಿನ ವರ್ಷ ಸೋಲ್ಸೋಕಾದ್ರೂ ಬೇಕು," ಎಂದು ಕತ್ಬರ್ಟ್ ಅಕ್ಕನ ಮುಂದೆ ತೋಳು ಚಾಚಿದ.