ಅತ್ತೆಯ ಇಪ್ಪತ್ತೊಂದು ಬಿಂದಿಗೆ

ಕೊಳ್ಳೇಗಾಲದ ಬಸ್ಸಿನಿಂದಿಳಿದು ಬಂದು, ಹನೂರಿನ ಮನೆಯ ಹಿತ್ತಲ ಬಾಗಿಲು ತೆಗೆದ ಚೆಲುವಮ್ಮನಿಗೆ ಮೊದಲು ಬಡಿದದ್ದು ವಾಸನೆ. ಸೊಪ್ಪಿನ ಸಾರು ಮೂರು ದಿನ ಹಳಸಿದಂಥ ವಾಸನೆ. ಬಟ್ಟೆಯ ಗಂಟನ್ನು ಕೆಳಗಿಡುವುದನ್ನೂ ಮರೆತು ನಿಂತಳು.

ಅಕ್ಕನ ಬಾಣಂತನಕ್ಕೆಂದು ಹೋಗಿ ಹದಿನೈದು ದಿನವಾಗಿತ್ತು. ಹೋಗುವಾಗ ಗೋಡೆಗುಂಟ ಮೂವತ್ತು ಗಿಡಗಳು ಇದ್ದವು, ಒಡೆದ ಮಡಕೆಗಳಲ್ಲಿ, ತೂತು ಬಿದ್ದ ಸೀಮೆಎಣ್ಣೆ ಡಬ್ಬಗಳಲ್ಲಿ. ಪಾಪಾಸುಕಳ್ಳಿ, ಲೋಳೆಸರ, ಮಂಗರವಳ್ಳಿ, ಬೆಟ್ಟದ ಬಂಡೆಯ ಸಂದಿಯಿಂದ ಕಿತ್ತು ತಂದ ಹೆಸರು ಗೊತ್ತಿಲ್ಲದ ದಪ್ಪ ಕಾಂಡದವು. ಬೇಸಿಗೆಯಲ್ಲಿ ಅವಕ್ಕೆ ಹದಿನೈದು ದಿನಕ್ಕೊಮ್ಮೆ ಒಂದು ಸೌಟು ನೀರು, ಅಷ್ಟೆ. ಸೊರಗಿ, ಬೂದಿಬಣ್ಣಕ್ಕೆ ತಿರುಗಿ, ಸತ್ತಂತೆ ನಿಲ್ಲುತ್ತಿದ್ದವು. ಅದು ಅವುಗಳ ನಿದ್ದೆ ಎಂದು ಚೆಲುವಮ್ಮನಿಗೆ ಗೊತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಆರು ಬೇಸಿಗೆ ನೋಡಿ ತಿಳಿದದ್ದು.

ಈಗ ಮಡಕೆಗಳಲ್ಲಿ ಕೆಸರು. ಕಳ್ಳಿಗಳು ಊದಿ, ಬುಡದಲ್ಲಿ ಕರಗಿ, ಮಗ್ಗುಲಿಗೆ ಬಿದ್ದಿದ್ದವು. ಅವಳು ಓಡಿದ್ದು ಮೂಲೆಯ ಡಬ್ಬಕ್ಕೆ. ನಾಲ್ಕು ಅಂಚಿನ ಕಾಂಡದ, ಎಲೆಯೇ ಇಲ್ಲದ ಆ ಗಿಡದಲ್ಲಿ ಹೋಗುವಾಗ ಸಾಸಿವೆಯಷ್ಟು ಮೊಗ್ಗು ಕೂತಿತ್ತು. ಬೆರಳು ತಾಗಿಸಿದಳು. ಕಾಂಡ ಲೋಳೆಯಾಗಿ ಕೈಗೆ ಬಂತು.

ಸೋಮವಾರಕ್ಕೆ ನಾಲ್ಕೇ ದಿನ. ಸೋಮವಾರ ಶಿವನಂಜಯ್ಯ ಮೇಷ್ಟ್ರು ಬರುವವರಿದ್ದರು.

ಮೇಷ್ಟ್ರು ಕೊಳ್ಳೇಗಾಲದಲ್ಲಿ ವಿಜ್ಞಾನ ಕಲಿಸುವವರು. ಜನಗಣತಿ ಬರೆಯಲು ಬಂದು, ಅವಳ ಕಸುಬಿನ ಕಾಲಮ್ಮಿನಲ್ಲಿ ‘ಮನೆಗೆಲಸ’ ಎಂದು ಬರೆದು, ನೀರು ಕುಡಿಯಲು ಹಿತ್ತಲಿಗೆ ಬಂದವರು ಅಲ್ಲೇ ಅರ್ಧ ಗಂಟೆ ಕೂತುಬಿಟ್ಟಿದ್ದರು. ಆ ಗಿಡದ ಹೆಸರು ನನಗೂ ಗೊತ್ತಿಲ್ಲಮ್ಮ, ಹೂವು ನೋಡಿದರೆ ಗೊತ್ತಾದೀತು, ಮೊಗ್ಗಾದಾಗ ಕಾಗದ ಹಾಕು, ನಾನು ಚಿತ್ರ ಬರೆದು ಮೈಸೂರಿಗೆ ಕಳಿಸುತ್ತೇನೆ, ಕೆಳಗೆ ‘ಬೆಳೆಸಿದವರು ಚೆಲುವಮ್ಮ’ ಎಂದು ಬರೆಯುತ್ತೇನೆ ಎಂದಿದ್ದರು. ಮೊಗ್ಗು ಕಂಡ ದಿನವೇ ಅವಳು ಕಾಗದ ಹಾಕಿದ್ದಳು. ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ ಮೇಲೆ ಅವಳಿಗೆ ಏನಾದರೂ ಗೊತ್ತಿದೆಯೆಂದು ಯಾರೂ ಅಂದಿರಲಿಲ್ಲ.

“ಬಂದ್ಯಾ ಮಗ? ಅಕ್ಕ ಎಂಗವ್ಳೆ?” ಹಿಂದಿನಿಂದ ಸೋದರತ್ತೆ ಪುಟ್ಟಗೌರಮ್ಮ ಬಂದಳು. ಸೊಂಟದಲ್ಲಿ ತುಂಬಿದ ಬಿಂದಿಗೆ. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡಿದ್ದಳು.

“ಇದಕ್ಕೆ ನೀರು ಉಯ್ದೋರ್ಯಾರು?”

“ನಾನೇ ಕಣವ್ವ. ಎಲೆ ಇಲ್ಲ, ಊವಿಲ್ಲ, ಒಣಗೋಗಿ ನಿಂತಿದ್ವು, ಕಣ್ಣಲ್ಲಿ ನೋಡಕಾಗ್ನಿಲ್ಲ. ಬಿಸಿಲಲ್ಲಿ ಒಣಗೋ ಜೀವಕ್ಕೆ ಇಪ್ಪತ್ತೊಂದು ದಿನ, ದಿನಕ್ಕೊಂದು ಬಿಂದಿಗೆ ಉಯ್ತೀನಿ, ನಮ್ ಚೆಲುವಿಗೊಂದು ಗಂಡು ಕೂಡಿಸ್ಕೊಡಪ್ಪ ಅಂತ ಮಾದಪ್ಪಂಗೆ ಅರಕೆ ಮಾಡ್ಕಂಡೆ. ಇವತ್ತು ಅದಿನೈದು.”

“ನೀರು ಆಕ್ಬ್ಯಾಡಿ ಅಂತ ಅವ್ವಂಗೆ ಏಳೋಗಿದ್ದೆ.”

“ಏಳುದ್ಲು ನಿಮ್ಮವ್ವ. ನೀರು ಬ್ಯಾಡ ಅನ್ನೋ ಗಿಡ ಎಲ್ಲಾರ ಉಂಟಾ?” ಅತ್ತೆ ನಕ್ಕಳು. “ಮುಳ್ಳು ಸಾಕೋಳಿಗೆ ಯಾವನ್ಲಾ ಬತ್ತಾನೆ ಅಂತ ಬೀದಿಯೋರು ಆಡ್ಕತಾವ್ರೆ. ವಸಿ ಅಸಿರಾಗ್ಲಿ, ಸರ್ಕೋ.”

ಬಿಂದಿಗೆ ಬಾಗಿತು. ಚೆಲುವಮ್ಮ ಅದರ ಕಂಠ ಹಿಡಿದಳು. ಯಾರ ಮುಂದೆಯೂ ದನಿ ಎತ್ತದವಳು, ಗಂಡಿನ ಕಡೆಯವರು ಬಂದಾಗ ತನ್ನ ಹೆಸರು ಹೇಳಲೂ ತಡವರಿಸಿದವಳು. ಈಗ ಹಿಡಿತ ಸಡಿಲ ಬಿಡಲಿಲ್ಲ.

“ಬುಡಲೇ, ಅರಕೆ ನೀರು!”

“ಯಾರ್ನ ಕೇಳಿ ಒತ್ಕಂಡೆ ಅರಕೆಯ? ನಂಗೆ ಗಂಡು ಬೇಕು ಅಂದ್ನಾ? ಮುಟ್ಟಿ ನೋಡತ್ತೆ, ಮೂಸಿ ನೋಡು! ಅದಿನಾಲ್ಕು ದಿನ ಕೊಳೀತಾ ಅದೆ, ದಿನಾ ಬಂದು ಅದರ ಮೇಲೇ ಉಯ್ದಿದ್ದೀಯಲ್ಲ, ನಿಂಗೆ ಮೂಗಿಲ್ವಾ?”

ಕಿತ್ತುಕೊಂಡ ಬಿಂದಿಗೆಯನ್ನು ಕಲ್ಲುಚಪ್ಪಡಿಯ ಮೇಲೆ ಬೋರಲು ಹಾಕಿದಳು. ನೀರು ಬಚ್ಚಲ ಮೋರಿಗೆ ಹರಿಯಿತು. ಪುಟ್ಟಗೌರಮ್ಮ ಎರಡೂ ಕೆನ್ನೆ ಬಡಿದುಕೊಂಡು, “ಮಾದಪ್ಪ, ಮಗಿ ತಿಳೀದೆ ಮಾಡ್ಯದೆ” ಎಂದು ಬೆಟ್ಟದ ದಿಕ್ಕಿಗೆ ಕೈಮುಗಿದಳು.

“ತಿಳಿದೇ ಮಾಡಿವ್ನಿ” ಎಂದಳು ಚೆಲುವಮ್ಮ.

ಗಲಾಟೆಗೆ ಅವ್ವ ಚಿಕ್ಕನಿಂಗಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನೋಡಿದಳು. ಏನಾಯಿತೆಂದು ಅವಳಿಗೆ ಅರ್ಥವಾಯಿತು, ಆದರೆ ಅವಳು ಬೈದದ್ದು ಮಗಳನ್ನು. “ದೊಡ್ಡೋರ ಕೈಲಿದ್ದುದ್ನ ಕಿತ್ಕತೀಯಾ? ಕಾಲಿಗೆ ಬೀಳು.”

ಚೆಲುವಮ್ಮ ಬೀಳಲಿಲ್ಲ. ಕುಡುಗೋಲು ತಂದು ಮೂಲೆಯ ಗಿಡದ ಮುಂದೆ ಕೂತಳು. ಏಳು ಕವಲುಗಳನ್ನೂ ಕೊಯ್ದು ನೋಡಿದಳು. ಆರರ ಒಳಗೆ ಕಂದು ರಸ. ಏಳನೆಯದರ ತುದಿಯಲ್ಲಿ ಬೆರಳುದ್ದದಷ್ಟು ಮಾತ್ರ ಬೆಳ್ಳಗೆ, ಗಟ್ಟಿಯಾಗಿತ್ತು. ಅದರಲ್ಲಿ ಮೊಗ್ಗಿರಲಿಲ್ಲ. ಗಾಯ ಒಣಗಲೆಂದು ಅದನ್ನು ಸೂರಿನ ನೆರಳಿಗೆ ಹೆಂಚಿನ ಚೂರಿನ ಮೇಲಿಟ್ಟಳು. ಬೇರು ಬಿಟ್ಟರೆ ಇನ್ನೆರಡು ಬೇಸಿಗೆಗೆ ಹೂವು. ಬಿಡದಿದ್ದರೆ ಇಲ್ಲ.

ಆಮೇಲೆ ಕೈ ತೊಳೆದು, ಪೆಟ್ಟಿಗೆಯಿಂದ ಕಾರ್ಡು ತೆಗೆದು ಪಡಸಾಲೆಯಲ್ಲಿ ಬರೆಯಲು ಕೂತಳು.

“ಬಿಸಿಲಿಗೆ ಒಣಗೋಯ್ತು ಅಂತ ಬರ್ದಾಕು” ಎಂದಳು ಅವ್ವ ಮೆತ್ತಗೆ. “ಬಿಸಿಲಿಗೆ ಯಾವುದು ತಾನೆ ಉಳ್ದದು? ಅತ್ತೆ ಸುದ್ದಿ ಯಾಕೆ ಊರೋರ್ಗೆ?”

ಚೆಲುವಮ್ಮನಿಗೆ ಅಷ್ಟು ಹೊತ್ತಿನ ಸಿಟ್ಟೆಲ್ಲ ಮತ್ತೆ ನೆತ್ತಿಗೇರಿತು. ಬಿಸಿಲಿಗೆ ಹೋಯಿತೆಂದು ಬರೆದರೆ ಮೇಷ್ಟ್ರು ಏನೆಂದುಕೊಂಡಾರು? ಬಂಡೆಯ ಗಿಡವನ್ನು ಬಿಸಿಲಿಗೆ ಸಾಯಿಸಿದಳು, ಪಾಪ, ಓದಿಲ್ಲದ ಹುಡುಗಿ ಎಂದು.

“ಬಿಸಿಲು ಅದಕ್ಕೇನೂ ಮಾಡ್ನಿಲ್ಲ ಕಣವ್ವ” ಎಂದಳು. ಬರೆದಳು, ಬಾಗಿಲ ಹಿಂದೆ ನಿಂತಿದ್ದ ಅತ್ತೆಗೂ ಕೇಳುವಂತೆ ಓದಿದಳು: “ನಾನು ಊರಲ್ಲಿಲ್ಲದಾಗ ನಮ್ಮ ಅತ್ತೆ ದಿನವೂ ನೀರು ಹಾಕಿದ್ದರಿಂದ ಗಿಡ ಕೊಳೆತಿದೆ. ಹೂವಿಲ್ಲ. ಒಂದು ತುಂಡು ಉಳಿಸಿದ್ದೇನೆ. ಸೋಮವಾರ ಬರಬೇಡಿ.”

“ನೋಡ್ದಾ ನಿನ್ ಮಗಳ್ನ” ಎಂದಿತು ಬಾಗಿಲ ಹಿಂದಿನ ದನಿ.

ಅಂಚೆಡಬ್ಬಕ್ಕೆ ಯಾವಾಗಲೂ ಪಕ್ಕದ ಮನೆಯವರ ಕೈಯಲ್ಲಿ ಕಾಗದ ಕೊಟ್ಟು ಕಳಿಸುವವಳು, ಅವತ್ತು ತಾನೇ ಸೆರಗು ಹೊದ್ದು, ಸುಡುವ ಬೀದಿಗೆ ಇಳಿದಳು.