ಕೆಂಪು ಚೀಟಿಯ ಮಗ

ಕಾಂಪೌಂಡರ್ ತಾತ ಅವನ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದಾಗ ಅವನಿಗೆ ತಲೆಬುಡ ತಿಳಿಯಲಿಲ್ಲ. ಹೆತ್ತ ತಾಯಿ ಒಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದಾಳೆ. ಹನ್ನೊಂದು ವರ್ಷದ ಮೇಲೆ ಮಗ ಗೇಟು ದಾಟಿ ಬಂದಿದ್ದಾನೆ. ಈ ಮುದುಕ ನೋಡಿದರೆ ಬಾಗಿಲಲ್ಲೇ ಅಡ್ಡ ನಿಂತು ಕೈಗಡಿಯಾರ ನೋಡುತ್ತ ಬಡಿತ ಎಣಿಸುತ್ತಿದ್ದಾನೆ.

"ಎಪ್ಪತ್ತೆರಡು. ಪರವಾಗಿಲ್ವೇ! ಶ್ವಾಸಕೋಶ ಹೇಗಿದೆಯಪ್ಪ ಈಗ?"

"ಚೆನ್ನಾಗಿದೆ ತಾತ," ಎಂದ ಅವನು. ಚೆನ್ನಾಗಿಯೇ ಇತ್ತು. ಅದಕ್ಕೆ ಯಾವತ್ತೂ ಏನೂ ಆಗಿರಲಿಲ್ಲ.

ಅವನು ಬೈಸಿಕೊಳ್ಳಲು ತಯಾರಾಗಿ ಬಂದಿದ್ದ. ಯಾವ ಮುಖ ಹೊತ್ತುಕೊಂಡು ಬಂದೆ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ. ಇಲ್ಲಿ ಕೇಳುವವರೇ ಇಲ್ಲ. ಬೇಕರಿಯವರ ಹೆಂಡತಿ ಓಡಿಬಂದು ಕುರ್ಚಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು, "ಒರಗಿಕೊಂಡೇ ಕೂತ್ಕೋಪ್ಪ, ಬೆನ್ನಿನ ಆಪರೇಷನ್ ಆದವರು ನೆಟ್ಟಗೆ ಕೂರಬಾರದು," ಎಂದರು. ಗಾಯನ ಮಂಡಳಿಯ ದಪ್ಪ ಕಂಠದವರು ಕಿವಿಯ ಹತ್ತಿರ ಬಗ್ಗಿ, "ಕಿಡ್ನಿ ಎರಡೂ ಸರಿ ಇದೆ ತಾನೇ?" ಎಂದು ವಿಚಾರಿಸಿದರು.

ಅವನು ಅಮ್ಮನ ಮುಖ ನೋಡಿದ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಹರಿದ ಬೆಡ್‌ಶೀಟು ಹೊಲಿದವಳು, ಒಂದು ಸುಕ್ಕೂ ಇಲ್ಲದ ಬಿಳಿ ಬಟ್ಟೆಯ ಮೇಲೆ ಮಲಗಿದ್ದಳು. ಅವನಿಗೆ ಅಳು ಉಕ್ಕಿ ಬಂತು. ಅತ್ತು ಮುಗಿಸಿ ಅಕ್ಕನನ್ನು ಅಡಿಗೆಮನೆಗೆ ಕರೆದುಕೊಂಡು ಹೋದ.

"ಅಕ್ಕ, ಇವರಿಗೆಲ್ಲ ಏನಾಗಿದೆ?"

"ಅವರಿಗೇನೂ ಆಗಿಲ್ಲ. ನಿನಗೇ ಆಗಿರೋದು," ಎಂದಳು ಅಕ್ಕ. "ಚರ್ಚಿನಲ್ಲಿ ಪ್ರಾರ್ಥನೆ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಅಮ್ಮ ಪ್ರತಿ ಬುಧವಾರ ಲಾಂಡ್ರಿಯದೇ ಒಂದು ಕೆಂಪು ಚೀಟಿ ಬರೆದು ಹಾಕೋಳು. ಮಗನಿಗೆ ಕಾಯಿಲೆ, ಪ್ರಾರ್ಥಿಸಿ ಅಂತ. ಭಾನುವಾರ ಪಾಸ್ಟರ್ ಓದೋರು. ಹನ್ನೊಂದು ವರ್ಷ, ಒಂದು ವಾರಾನೂ ತಪ್ಪಿಸಿಲ್ಲ."

"ಏನು ಕಾಯಿಲೆ?"

"ಕೇಳಿದವರಿಗೆ ಬಾಯಿಗೆ ಬಂದದ್ದು ಹೇಳೋಳು. ಕುಡಿದು ಮನೆ ಬಿಟ್ಟು ಹೋದ ಅನ್ನೋಕೆ ನಾಲಿಗೆ ಏಳಬೇಕಲ್ಲ."

ಅವನು ನೀರಿನ ಹಂಡೆಗೆ ಒರಗಿ ನಿಂತ. "ಎರಡು ವರ್ಷದಿಂದ ಒಂದು ತೊಟ್ಟು ಮುಟ್ಟಿಲ್ಲ ಅಕ್ಕ."

ಅಕ್ಕ ಅವನನ್ನೇ ದಿಟ್ಟಿಸಿದಳು. "ಅದನ್ನ ಅಮ್ಮನಿಗೆ ಹೇಳೋಕೆ ನಿನಗೇನಾಗಿತ್ತೋ?"

"ಇನ್ನೊಂದು ವರ್ಷ ನೋಡೋಣ, ಇನ್ನೊಂದು ವರ್ಷ ನೋಡೋಣ ಅಂತಿದ್ದೆ. ಹೇಳಿಬಿಟ್ಟು ಮತ್ತೆ ಜಾರಿದರೆ?"

ಅಕ್ಕನ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು, ಕಪಾಟಿನಿಂದ ಒಂದು ಬಿಳಿ ಅಂಗಿ ತೆಗೆದು ಅವನ ಕೈಗಿಟ್ಟಳು. "ಆ ಡೀಸೆಲ್ ವಾಸನೆಯ ಬಟ್ಟೆ ಬದಲಾಯಿಸು. ಮತ್ತೆ, ನಿನ್ನ ಕೈ ಮುಗೀತೀನಿ, ಇವತ್ತೊಂದಿನ ಕಾಯಿಲೆಯವನಾಗಿರು. ಸುಳ್ಳು ಹೇಳಿದವಳು ಅನ್ನಿಸ್ಕೊಂಡು ಅಮ್ಮ ಮಣ್ಣಿಗೆ ಹೋಗೋದು ಬೇಡ."

"ಅದೇ ಆಗಲ್ಲ ಅಕ್ಕ. ನನ್ನ ಕುಡಿತ ಶುರುವಾಗಿದ್ದೇ ಸುಳ್ಳಿನಿಂದ. ಇಲ್ಲಿ ಒಂದು ಸುಳ್ಳಿಗೆ ಹೂಂ ಅಂದರೆ ಸಂಜೆಗೆ ಬಾಟಲಿ ಕೈಗೆ ಬರುತ್ತೆ. ನನಗೆ ನಾನು ಗೊತ್ತು."

ಹೊರಗೆ ಶವಪೆಟ್ಟಿಗೆ ಎತ್ತಲು ಜನ ಕೂಗಿದರು. ಅವನು ಅಂಗಿ ತೊಟ್ಟುಕೊಂಡ. ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು.

*

ಲಾಂಡ್ರಿಯಲ್ಲಿ ಅಮ್ಮನ ಮಷೀನಿನ ಪಕ್ಕದ ಗೋಡೆಗೆ ಎರಡು ಕೊಕ್ಕೆಗಳಿದ್ದವು. ಒಂದರಲ್ಲಿ ಕೆಂಪು ಚೀಟಿಗಳ ಗೊಂಚಲು, ಇನ್ನೊಂದರಲ್ಲಿ ಬಿಳಿಯವು. ಎರಡಕ್ಕೂ ತುದಿಯಲ್ಲಿ ತೂತು, ತೂತಿನಲ್ಲಿ ದಾರ. ಹರಿದ ಬಟ್ಟೆಗೆ ಕೆಂಪು ಚೀಟಿ ಕಟ್ಟಿ ಅವಳ ಮುಂದೆ ರಾಶಿ ಹಾಕುತ್ತಿದ್ದರು. ಅವಳು ಹೊಲಿದು, ಪಕ್ಕದ ಮೇಜಿನ ಇಸ್ತ್ರಿ ಚಿಕ್ಕಮ್ಮ ಇಸ್ತ್ರಿ ಮಾಡಿ, ಕೆಂಪನ್ನು ಕತ್ತರಿಸಿ ಬಿಳಿ ಕಟ್ಟಿದರೆ ಬಟ್ಟೆ ಮತ್ತೆ ವಾರ್ಡಿಗೆ ಹೋಗುತ್ತಿತ್ತು. "ಇದು ಚಿಂದಿ ಬುಟ್ಟಿಗೆ ಹೋಗಲಿ ಬಿಡಮ್ಮ," ಎಂದು ಮೇಲ್ವಿಚಾರಕರು ಎಷ್ಟು ಹೇಳಿದರೂ ಅವಳದು ಒಂದೇ ಮಾತು. "ಇನ್ನೂ ಬಟ್ಟೆ ಇದೆ ಸಾರ್."

ಅವನು ಮನೆ ಬಿಟ್ಟದ್ದು ಒಂದು ಭಾನುವಾರ ಬೆಳಿಗ್ಗೆ. ಲಾರಿಯ ರಾತ್ರಿ ಲೋಡು ಇಳಿಸಿ, ಕುಡಿದು, ತೂರಾಡುತ್ತ ಬಂದಿದ್ದ. ಅವಳು ಚರ್ಚಿಗೆಂದು ಅವನ ಬಿಳಿ ಅಂಗಿ ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದ್ದಳು. ಅದನ್ನು ಕಂಡದ್ದೇ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿನ್ನ ದೇವರೂ ಬೇಡ, ನಿನ್ನ ಚರ್ಚೂ ಬೇಡ, ನೀನೂ ಬೇಡ!" ಎಂದು ಕಿರುಚಿ, ಅಂಗಿಯನ್ನು ಭುಜದಿಂದ ಎದೆಯವರೆಗೆ ಪರ್ ಎಂದು ಹರಿದು ಬಿಸಾಡಿದ.

ಅಮ್ಮ ಬೈಯಲಿಲ್ಲ. ಅಂಗಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಹೊಲೀಬಹುದು," ಎಂದಳು.

ಆ ಮಾತಿಗೆ ಅವನ ಸಿಟ್ಟು ಇನ್ನೂ ನೆತ್ತಿಗೇರಿತು. ಬಾಗಿಲು ಬಡಿದು ಹೋದವನು ಹಿಂತಿರುಗಿ ನೋಡಲಿಲ್ಲ.

*

ಚರ್ಚು ತುಂಬಿತ್ತು. ಕೀರ್ತನೆ ಮುಗಿಯಿತು. ಪಾಸ್ಟರ್ ಸಣ್ಣ ಪ್ರಸಂಗ ಮಾಡಿ, "ಮನೆಯವರು ಯಾರಾದರೂ ಮಾತಾಡೋದಿದ್ದರೆ ಬನ್ನಿ," ಎಂದು ಮುಂದಿನ ಬೆಂಚಿನತ್ತ ನೋಡಿದರು. ಅಕ್ಕ ಅವನ ಅಂಗಿಯ ತೋಳು ಹಿಡಿದುಕೊಂಡಳು. ಅವನು ಮೆಲ್ಲಗೆ ಬಿಡಿಸಿಕೊಂಡು ಎದ್ದ. ಲಾರಿ ಹತ್ತುವ ಮುನ್ನ ದಿನಾ ಬೆಳಿಗ್ಗೆ ಹೇಳಿಕೊಳ್ಳುವ ಎರಡೇ ಮಾತಿನ ಪ್ರಾರ್ಥನೆಯನ್ನು ಹೇಳಿಕೊಂಡ. ಇವತ್ತೊಂದಿನ, ದೇವರೇ.

"ನನಗೆ ಯಾವ ಕಾಯಿಲೆಯೂ ಇರಲಿಲ್ಲ," ಎಂದ. "ಬೆನ್ನು, ಕಿಡ್ನಿ ಎಲ್ಲ ಗಟ್ಟಿಯಾಗೇ ಇತ್ತು. ನಾನು ಕುಡುಕ. ಅಮ್ಮನ ಮುಖಕ್ಕೆ ನೀನೂ ಬೇಡ ಅಂತ ಹೇಳಿ ಹೋಗಿದ್ದೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಟಲಿ ತೆಗೆದೆ, ಕುಡಿಯೋಕಾಗಲಿಲ್ಲ, ಚೆಲ್ಲಿದೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು. ಅಮ್ಮ ನಿಮಗೆ ಸುಳ್ಳು ಹೇಳಿದ್ದರೆ ಅದು ನನ್ನ ಮಾನ ಉಳಿಸೋಕೆ. ಅವಳನ್ನ ಕ್ಷಮಿಸಿಬಿಡಿ."

ಅಕ್ಕ ತಲೆ ತಗ್ಗಿಸಿಬಿಟ್ಟಿದ್ದಳು. ಹೇಳಿದ್ದು ತಪ್ಪಾಯಿತೇನೋ ಎಂದುಕೊಂಡ.

"ಮುಗೀತೇನೋ?" ಮೂರನೆಯ ಬೆಂಚಿನಿಂದ ಇಸ್ತ್ರಿ ಚಿಕ್ಕಮ್ಮನ ದನಿ ಬಂತು.

"ಮುಗೀತು ಚಿಕ್ಕಮ್ಮ."

"ಇಷ್ಟೇ ಆದ್ರೆ ಕೂತ್ಕೋ. ಇದು ನಮಗೂ ಗೊತ್ತಿತ್ತು. ಒಂದು ವಾರ ಬೆನ್ನು ಅಂತಾಳೆ, ಇನ್ನೊಂದು ವಾರ ಕಿಡ್ನಿ ಅಂತಾಳೆ. ಅಷ್ಟೂ ಕಾಯಿಲೆ ಒಬ್ಬನಿಗೇ ಬಂದಿದ್ರೆ ಇವತ್ತು ಪೆಟ್ಟಿಗೇಲಿ ನೀನಿರ್ತಿದ್ದೆ. ನಾವು ಪ್ರಾರ್ಥನೆ ಮಾಡಿದ್ದು ನಿನಗೋಸ್ಕರ ಕಣೋ, ನಿನ್ನ ಕಿಡ್ನಿಗಲ್ಲ."

"ನನಗೆ ಗೊತ್ತಿರಲಿಲ್ಲ!" ಎಂದರು ಕಾಂಪೌಂಡರ್ ತಾತ, ಬಹಳ ನೊಂದ ದನಿಯಲ್ಲಿ.

ಮೊದಲು ನಕ್ಕವಳು ಅಕ್ಕ. ಅಳುತ್ತಲೇ ನಕ್ಕಳು. ಆಮೇಲೆ ಚರ್ಚಿಗೆ ಚರ್ಚೇ ನಕ್ಕಿತು. ಸಾವಿನ ದಿನ ಎಂದು ಯಾರೂ ಬಾಯಿ ಮುಚ್ಚಿಕೊಳ್ಳಲಿಲ್ಲ.

ಪಾಸ್ಟರ್ ಕಣ್ಣೊರೆಸಿಕೊಂಡು ಪ್ರಾರ್ಥನೆ ಪೆಟ್ಟಿಗೆಯನ್ನು ತಂದು ಶವಪೆಟ್ಟಿಗೆಯ ಪಕ್ಕದಲ್ಲಿ ಇಟ್ಟರು. "ಇದನ್ನು ತೆಗೆಯೋದು ಭಾನುವಾರ. ಆದರೆ ಬುಧವಾರ ಈ ತಾಯಿ ಹಾಕಿದ ಚೀಟಿ ಇದರಲ್ಲಿದೆ. ಅವರಿನ್ನೂ ನಮ್ಮ ಜೊತೆ ಇರುವಾಗಲೇ ಓದಿಬಿಡೋಣ."

ಕೈಹಾಕಿ ಹುಡುಕಿದರು. ಕೆಂಪು ಬಣ್ಣದ್ದು ಸಿಗಲಿಲ್ಲ. ಕೊನೆಗೆ ದಾರವಿದ್ದ ಒಂದು ಬಿಳಿ ಚೀಟಿ ಕೈಗೆ ಬಂತು. ತಿರುಗಿಸಿ ನೋಡಿದರು. "ನನ್ನ ಮಗ ಅಂತ ಬರೆದಿದ್ದಾರೆ, ಅಷ್ಟೇ. ಕೋರಿಕೆ ಏನೂ ಇಲ್ಲ."

"ಅವತ್ತು ಕೇಳಿದ್ದೆ," ಎಂದಳು ಅಕ್ಕ. "ಕೆಂಪು ಚೀಟಿ ಖಾಲಿಯಾಯ್ತೇನಮ್ಮ ಅಂತ. ಖಾಲಿಯಾಗಿಲ್ಲ, ಇನ್ನು ಬೇಡ ಅಂದಳು."

ಅವನು ಶವಪೆಟ್ಟಿಗೆಯ ಅಂಚು ಹಿಡಿದುಕೊಂಡು ಮಗುವಿನಂತೆ ಅತ್ತ. ತಾನು ಕುಡಿತ ಬಿಟ್ಟದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಯಾರನ್ನೂ ಕೇಳಿಯೂ ಇರಲಿಲ್ಲ.

ಇಸ್ತ್ರಿ ಚಿಕ್ಕಮ್ಮ ಎದ್ದು ಬಂದು ಪಾಸ್ಟರ್ ಕೈಯಿಂದ ಚೀಟಿ ತೆಗೆದುಕೊಂಡಳು. ಅವನ ಅಂಗಿಯ ಭುಜದಿಂದ ಎದೆಯವರೆಗೆ ಇಳಿದಿದ್ದ ಸಣ್ಣ ಹೊಲಿಗೆಯ ಮೇಲೆ ಬೆರಳಾಡಿಸಿ, ಗಟ್ಟಿಯಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದಳು. ಆಮೇಲೆ ಇಪ್ಪತ್ತಾರು ವರ್ಷ ಮಾಡಿದ ಕೆಲಸದ ಅಭ್ಯಾಸದಲ್ಲಿ, ನೋಡದೆಯೇ, ಬಿಳಿ ಚೀಟಿಯ ದಾರವನ್ನು ಮೇಲಿನ ಗುಂಡಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು.

"ಹೂಂ, ಈಗ ಪೆಟ್ಟಿಗೆ ಹಿಡಿ. ಮುಂದಿನ ಎಡಗಡೆ ನಿಂದು," ಎಂದಳು.

ಅವನು ಬಗ್ಗಿ ಅಮ್ಮನನ್ನು ಹೆಗಲಿಗೆ ಎತ್ತಿಕೊಂಡ. ಚರ್ಚಿನ ಮೆಟ್ಟಿಲಿಳಿದು ಬಿಸಿಲಿಗೆ ಬಂದಾಗ ಎದೆಯ ಮೇಲೆ ಚೀಟಿ ಹೆಜ್ಜೆಹೆಜ್ಜೆಗೂ ಆಡುತ್ತಿತ್ತು.