ಹಶ್ಮತ್ ಬಾಯಿಯ ಮೆಟ್ಟಿಲು

ಮಗಳ ಮದುವೆಯ ಕಾರ್ಡು ಮಾಡಿಸುವುದು ಬರೀ ನೆಪ. ಸುಶೀಲಮ್ಮನಿಗೆ ನೋಡಬೇಕಿದ್ದದ್ದು ಹಳೇ ದೆಹಲಿಯ ಚಾವ್ಡಿ ಬಜಾರಿನ ಒಂದು ಮನೆ. ಧಾರವಾಡದಲ್ಲಿ ಅವರಿಗೆ ಹಾಡು ಕಲಿಸಿದ ಸೀತಮ್ಮ ಹುಡುಗಿಯಾಗಿದ್ದಾಗ ದೆಹಲಿಯಲ್ಲಿದ್ದವರು. ಆ ಬೀದಿ ತಬಲಾ, ಗೆಜ್ಜೆಗಳ ಸದ್ದಿನಲ್ಲಿ ರಾತ್ರಿಯಿಡೀ ಎಚ್ಚರವಿರುತ್ತಿದ್ದ ಕಾಲದಲ್ಲಿ ಹಶ್ಮತ್ ಬಾಯಿಯ ಹತ್ತಿರ ಕಲಿತವರು. ಆ ಹೆಸರೆತ್ತಿದಾಗಲೆಲ್ಲ ಸೀತಮ್ಮ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಗುರುವಿನ ಹೆಸರನ್ನು ಹಾಗೇ ಹೇಳಬಾರದು ಎನ್ನುವುದು ಹಾಡುವವರ ರಿವಾಜು.

ಸುಶೀಲಮ್ಮನಿಗೆ ಆ ಹೆಸರೆತ್ತುವ ಭಾಗ್ಯವೂ ಇರಲಿಲ್ಲ. ಹಾಡಿ ಕುಣಿಯುವವರ ಕೋಠಾದಲ್ಲಿದ್ದವಳ ಹೆಸರು ಈ ಮನೆಯಲ್ಲಿ ಬೇಡ ಎಂದು ಗಂಡ ಈಶ್ವರಪ್ಪ ಮದುವೆಯಾದ ಹೊಸದರಲ್ಲೇ ಕಟ್ಟಪ್ಪಣೆ ಮಾಡಿದ್ದರು. ಸರ್ಕಾರಿ ಅಧಿಕಾರಿಗೆ ಮಾನ ಮುಖ್ಯ ನೋಡಿ. ಯಾರಾದರೂ ಕೇಳಿದರೆ, ಯಾರೋ ಉಸ್ತಾದರ ಪರಂಪರೆ ಎಂದು ತಾವೇ ತೇಲಿಸಿಬಿಡುತ್ತಿದ್ದರು. ಮುಂದಿನ ತಿಂಗಳು ಅವರ ನಿವೃತ್ತಿ, ಆಮೇಲೆ ದೆಹಲಿಗೆ ದೊಡ್ಡ ನಮಸ್ಕಾರ. ಇವತ್ತು ನೋಡದಿದ್ದರೆ ಇನ್ನಿಲ್ಲ.

ಹೊಸ ಮೆಟ್ರೋದಲ್ಲಿ ಬಂದಿಳಿದರೆ ಸ್ಟೇಷನ್ನು ಪಾತಾಳದಲ್ಲಿತ್ತು. ಎಸ್ಕಲೇಟರು ಏರಿದಷ್ಟೂ ಮುಗಿಯದು.

"ಮನುಷ್ಯರೇ ಅಗೆದದ್ದೇನ್ರೀ ಇದನ್ನ?" ಸುಶೀಲಮ್ಮ ಗಂಡನ ತೋಳು ಬಿಡಲಿಲ್ಲ.

ಮೇಲೆ ಮಟಮಟ ಮಧ್ಯಾಹ್ನ, ರಿಕ್ಷಾಗಳ ನೂಕುನುಗ್ಗಲು, ಉದ್ದಕ್ಕೂ ಕಾಗದದಂಗಡಿಗಳು. ಎದುರಿಗೆ ಮಸೀದಿಯ ಗುಮ್ಮಟ ಕಂಡ ಕಡೆ ಬಲಕ್ಕೆ ನವಿಲಿನ ಉಪ್ಪರಿಗೆ ನೋಡು ಎಂದಿದ್ದರು ಸೀತಮ್ಮ. ನೋಡಿದರು. ಕಲ್ಲಿನ ಉಪ್ಪರಿಗೆ, ಅದರಡಿ ಕೆತ್ತಿದ ಎರಡು ನವಿಲು. ಒಂದರ ಕೊಕ್ಕು ಮುರಿದಿತ್ತು. ಇದೇ ಮನೆ. ಮೂವತ್ತು ವರ್ಷ ಅಡುಗೆಮನೆಯಲ್ಲಿ ತಾವು ಗುನುಗಿದ ಹಾಡು ಇಳಿದು ಬಂದದ್ದು ಈ ಕಡಿದಾದ ಮೆಟ್ಟಿಲಿನಿಂದ. ಗುಡಿಗೆ ಬಂದವರ ಹಾಗೆ ಚಪ್ಪಲಿ ಬಿಟ್ಟು, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಮಾತಾಜಿ, ಊಪರ್ ಗೋದಾಮ್ ಹೈ," ಮೇಲೆ ಬರೀ ಉಗ್ರಾಣ ಎಂದ ಕೆಳಗಿನ ಕಾರ್ಡಿನಂಗಡಿಯವನು. ಯಾರ ಮನೆ ಹುಡುಕುತ್ತಿದ್ದೀರಿ ಎಂದೂ ಕೇಳಿದ.

ಸುಶೀಲಮ್ಮ ಗಂಡನ ಮುಖ ನೋಡಿದರು. ಹೆಸರು ಹೇಳುವಂತಿರಲಿಲ್ಲ. ಕೈ ಮಾತ್ರ ತಾನಾಗಿ ಕಿವಿಗೆ ಹೋಯಿತು.

ಈಶ್ವರಪ್ಪ ಆ ಕೈಯನ್ನು ನೋಡಿದರು. ಆಮೇಲೆ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. ಕಳುವಾದೀತೆಂದು ದೇವಸ್ಥಾನದ ಹೊರಗೂ ಬೂಟಿಗೆ ಕಾವಲು ನಿಲ್ಲುವ ಮನುಷ್ಯ.

"ಹಶ್ಮತ್ ಬಾಯಿ ಕಾ ಘರ್, ಭಯ್ಯಾ," ಅಂದರು, ಮೂವತ್ತು ವರ್ಷದ ಹಿಂದೆ ಒಂದೇ ಸಲ ಕೇಳಿದ್ದ ಹೆಸರು. "ಇನ್‌ಕೀ ಗುರು ಕೀ ಗುರು," ಹೆಂಡತಿಯ ಗುರುವಿಗೂ ಗುರು ಎಂದು.

ಹೇಳುವಾಗ ಅವರೂ ಕಿವಿ ಮುಟ್ಟಿಕೊಂಡರು.